ಬದರೀನಾಥರ ಸೋಮವಾರದ ಮೀಟಿಂಗ್

ಸಿಂಗಪುರದ ಟುವಾಸ್‌ನ ಒಂದು ಗೋದಾಮು ಕಂಪನಿಯಲ್ಲಿ ಸಾಫ್ಟ್‌ವೇರ್ ತಂಡದ ಮ್ಯಾನೇಜರ್ ಆಗಿದ್ದ ಬದರೀನಾಥರಿಗೆ ಮಾತೆಂದರೆ ಪ್ರಾಣ. ಸೋಮವಾರ ಬೆಳಿಗ್ಗೆ ಅವರ ತಂಡ ಮೀಟಿಂಗ್‌ಗೆ ಕೂತಿತೆಂದರೆ, ಏಳುವ ಹೊತ್ತಿಗೆ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿತ್ತು. ಹಾಗೆಂದು ಅವರು ದರ್ಪದ ಮನುಷ್ಯರಲ್ಲ. ಹೆಡ್ ಆಫೀಸಿನಲ್ಲಿ ಯಾರು ಏನೆಂದರು, ಗಿರಾಕಿಗಳು ಯಾಕೆ ಸಿಟ್ಟಾಗಿದ್ದಾರೆ, ಹಿಂದಿನ ವರ್ಷ ಇಂಥದೇ ಕೆಲಸ ಎಲ್ಲಿ ಕೆಟ್ಟಿತು, ಎಲ್ಲವನ್ನೂ ತಂಡದ ಮುಂದೆ ಬಿಚ್ಚಿಡುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಸಿಂಗಪುರಕ್ಕೆ ಬರುವ ಮುನ್ನ ಅವರು ಮೈಸೂರಿನ ಸಣ್ಣದೊಂದು ಕಂಪನಿಯಲ್ಲಿದ್ದರು. ಅಲ್ಲಿ ಮೇಲಿನವರು ಕೆಳಗಿನವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬಾಗಿಲಿಗೆ ಬೀಗ. ತನ್ನ ಕೈಕೆಳಗಿನವರಿಗೆ ಎಂದೂ ಈ ಗತಿ ಬರಬಾರದು, ತನಗೆ ಗೊತ್ತಿರುವುದೆಲ್ಲ ಅವರಿಗೂ ಗೊತ್ತಿರಬೇಕು ಎಂದು ಆವತ್ತೇ ಅಂದುಕೊಂಡಿದ್ದರು.

2014ರಲ್ಲಿ ಅವರ ಧ್ವನಿ ಒಡೆಯತೊಡಗಿತು. ಬಿಸಿನೀರು, ಜೇನುತುಪ್ಪ, ಶುಂಠಿ ಯಾವುದಕ್ಕೂ ಬಗ್ಗಲಿಲ್ಲ. ಗಂಟಲಿನ ಧ್ವನಿತಂತುಗಳ ಮೇಲೆ ಸಣ್ಣ ಗಂಟು ಬೆಳೆದಿದೆ, ಭಯಪಡುವಂಥದ್ದಲ್ಲ, ಆದರೆ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಒಂದು ವಾರ ಪಿಸುಮಾತೂ ಕೂಡದು, ಆಮೇಲೂ ತಿಂಗಳೊಪ್ಪತ್ತು ಅಳೆದು ತೂಗಿ ಮಾತಾಡಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಆಪರೇಷನ್ ಸಲೀಸಾಗಿ ಆಯಿತು. ಆದರೆ ಗೋದಾಮಿಗೆ ಪೆಟ್ಟಿಗೆ ಎಣಿಸುವ ಹೊಸ ಸ್ಕ್ಯಾನರ್‌ಗಳು ಬಂದು ಕೂತಿದ್ದವು. ಅವನ್ನು ಶುರು ಮಾಡುವ ದಿನ ಮಾತ್ರ ಮುಂದೆ ಮುಂದೆ ಹೋಗುತ್ತಲೇ ಇತ್ತು. ಬದರೀನಾಥರು ಸೋಮವಾರ ಆಫೀಸಿಗೆ ಹೊರಟು ನಿಂತರು.

"ಹೋಗಿ ಬನ್ನಿ," ಎಂದರು ಹೆಂಡತಿ ಭಾಗೀರಥಿ. "ಮನೇಲಿದ್ರೆ ನನ್ನ ಹತ್ರ ಮಾತಾಡದೆ ಇರಲ್ಲ ನೀವು. ಅಲ್ಲಾದ್ರೆ ನಾಚಿಕೆಗಾದ್ರೂ ಸುಮ್ನಿರ್ತೀರ."

ಮೀಟಿಂಗ್ ನಡೆಸುವ ಕೆಲಸವನ್ನು ಅವರು ಮೊದಲೇ ತಂಡದ ವಿನುತಾಗೆ ವಹಿಸಿದ್ದರು. ಆಕೆ ಬೆಂಗಳೂರಿನವಳು, ಮಿತಭಾಷಿ.

"ಸರ್, ನಿಮ್ ಥರ ನಡೆಸೋಕೆ ನಂಗೆ ಬರಲ್ಲ," ಎಂದಿದ್ದಳು. "ನನ್ ಥರಾನೇ ಮಾಡ್ಲಾ?"

ಅವರು ಆಗಲಿ ಎಂದು ತಲೆಯಾಡಿಸಿದ್ದರು.

ವಿನುತಾ ಶುಕ್ರವಾರವೇ ಎಲ್ಲರಿಗೂ ಒಂದೇ ಸಾಲಿನ ಮೇಲ್ ಕಳಿಸಿದ್ದಳು: ಸ್ಕ್ಯಾನರ್ ಯಾವಾಗ ಶುರು ಮಾಡೋಣ, ಅಡ್ಡಿ ಏನಿದೆ, ಇಷ್ಟಕ್ಕೆ ಉತ್ತರ ತನ್ನಿ, ಈ ಕೆಲಸಕ್ಕೆ ಸಂಬಂಧವಿಲ್ಲದವರು ಬರಬೇಕಿಲ್ಲ. ಸೋಮವಾರ ಕೋಣೆಯಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿ. ಬದರೀನಾಥರಿಗೆ ಪಿಚ್ಚೆನಿಸಿತು.

ಪರೀಕ್ಷೆ ನೋಡಿಕೊಳ್ಳುವ ಹುಯ್ ಲಿಂಗ್ ಮೊದಲು ಬಾಯಿಬಿಟ್ಟಳು. "ಸ್ಕ್ಯಾನ್ ಮಾಡುವಾಗ ಬ್ಯಾಟರಿ ಹೋದರೆ ಅದೇ ಪೆಟ್ಟಿಗೆ ಎರಡು ಸಲ ಎಣಿಕೆಯಾಗುತ್ತದೆ. ಇದನ್ನು ನಾನು ಹಿಂದೆಯೂ ಹೇಳಿದ್ದೆ."

ಬದರೀನಾಥರಿಗೆ ಅದು ನೆನಪಿತ್ತು. ಈ ವಿಷಯದಲ್ಲಿ ಹೇಳಲು ಅವರಿಗೆ ಬೇಕಾದಷ್ಟಿತ್ತು. ಫೋನಿನಲ್ಲಿ ಟೈಪ್ ಮಾಡತೊಡಗಿದರು.

"ಇದನ್ನು ಯಾರು ಸರಿ ಮಾಡುತ್ತೀರಿ?" ಎಂದು ಕೇಳಿದಳು ವಿನುತಾ.

ಯಾರೂ ಉಸಿರೆತ್ತಲಿಲ್ಲ. ವಿನುತಾ ಕಾದಳು. ಬದರೀನಾಥರು ಕುರ್ಚಿಯಲ್ಲಿ ಮಿಸುಕಾಡಿದರು. ಇಂಥ ಹೊತ್ತಿನಲ್ಲಿ ಅವರು "ಇರಲಿ, ಎಲ್ಲರೂ ಸೇರಿ ನೋಡೋಣ" ಎಂದು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಯಾರಿಗೂ ಮುಜುಗರವಾಗಬಾರದು ಎಂಬುದು ಅವರ ಆಸೆ. ಈಗ ಬಾಯಿ ತೆರೆಯುವಂತಿಲ್ಲ.

ಕೊನೆಗೆ ಮೂಲೆಯಲ್ಲಿದ್ದ ಸುಹಾಸ್ ಗಂಟಲು ಸರಿಮಾಡಿಕೊಂಡ. "ನಾನು ಮಾಡುತ್ತೇನೆ. ಆ ಭಾಗ ಬರೆದವನು ನಾನೇ. ಬೇರೆ ಯಾರೋ ನೋಡುತ್ತಿದ್ದಾರೆ ಅಂದುಕೊಂಡಿದ್ದೆ."

"ಗುರುವಾರದೊಳಗೆ ಕೊಟ್ಟರೆ ಶುಕ್ರವಾರ ಪರೀಕ್ಷಿಸುತ್ತೇನೆ," ಎಂದಳು ಹುಯ್ ಲಿಂಗ್.

ಶನಿವಾರ ಲಾರಿಗಳು ಕಡಿಮೆ, ಅಂದೇ ಶುರು ಮಾಡೋಣ ಎಂದು ತೀರ್ಮಾನವಾಯಿತು. ಬದರೀನಾಥರು ಬರೆದು ಮುಗಿಸಿ ತಲೆಯೆತ್ತಿದಾಗ ಎಲ್ಲರೂ ಏಳುತ್ತಿದ್ದರು. ತಾವು ಬರೆದಿದ್ದನ್ನು ಒಮ್ಮೆ ಓದಿ, ಅಳಿಸಿಹಾಕಿದರು.

ಆ ಸಂಜೆ ಬೂನ್ ಲೇಯ ಮನೆಯಲ್ಲಿ, ಮಗಳು ತನಿಷಾಳ ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಹೆಂಡತಿಗೆ ಬರೆದು ತೋರಿಸಿದರು: ನಾನಿಲ್ಲದೇನೇ ಎಲ್ಲ ಆಯ್ತು.

ಭಾಗೀರಥಿ ಓದಿ ಅವರ ಮುಖ ನೋಡಿದರು. "ನೀವು ಅಲ್ಲೇ ಇದ್ರಲ್ಲ. ಅವ್ರಿಗೆ ಮಾತಾಡೋಕೆ ಜಾಗ ಸಿಕ್ತು, ಅಷ್ಟೇ. ಅದಕ್ಯಾಕೆ ಬೇಜಾರು?"

"ಅಪ್ಪಾ, ನಮ್ ಟೀಚರ್ ಕೂಡ ಕ್ವೆಶ್ಚನ್ ಕೇಳಿ ವೆಯ್ಟ್ ಮಾಡ್ತಾರೆ ಲಾ," ಎಂದಳು ತನಿಷಾ, ಸಿಂಗಪುರದ ಮಕ್ಕಳ ಧಾಟಿಯಲ್ಲಿ. "ಯಾರೂ ಆನ್ಸರ್ ಮಾಡ್ದಿದ್ರೂ ವೆಯ್ಟ್ ಮಾಡ್ತಾರೆ. ಆಮೇಲೆ ಯಾರಾದ್ರೂ ಹೇಳ್ತಾರೆ."

ಅವರಿಗೆ ಅಂದು ಸಮಾಧಾನವಾಗಲಿಲ್ಲ. ಆದರೆ ಶನಿವಾರ ಸ್ಕ್ಯಾನರ್‌ಗಳು ಶುರುವಾಗಿ, ಸಣ್ಣಪುಟ್ಟ ತೊಡಕು ಬಿಟ್ಟರೆ ಚೆನ್ನಾಗಿಯೇ ನಡೆದವು. ಸುಹಾಸ್ ಗೋದಾಮಿನ ತುಂಬ ಓಡಾಡಿ ಒಂದೊಂದನ್ನೇ ಪರೀಕ್ಷಿಸುತ್ತಿದ್ದ. ಇವನು ಹೀಗೆ ಓಡಾಡಿದ್ದನ್ನು ಬದರೀನಾಥರು ಹಿಂದೆ ಕಂಡಿರಲಿಲ್ಲ.

ಬದರೀನಾಥರ ಧ್ವನಿ ಮರಳಿದ ಮೇಲೆ, ಮತ್ತೆ ಹಳೆಯ ಉದ್ದದ ಮೀಟಿಂಗ್ ಶುರುವಾದೀತೆಂದು ತಂಡದವರಿಗೆ ಒಳಗೊಳಗೇ ಅಳುಕಿತ್ತು. ಆದರೆ ಅವರು ಮೀಟಿಂಗನ್ನು ವಿನುತಾಳ ಕೈಯಲ್ಲೇ ಬಿಟ್ಟರು. ಎರಡು ವಾರ ನೆಟ್ಟಗಿದ್ದರು. ಮೂರನೆಯ ವಾರ ಹೆಡ್ ಆಫೀಸಿನ ಸುದ್ದಿಯೊಂದು ನಾಲಿಗೆ ತುದಿಗೆ ಬಂದು, ಶುರು ಮಾಡಿಯೇಬಿಟ್ಟರು. ಅದು ಬೆಳೆಯುತ್ತಾ ಹೋಯಿತು. ವಿನುತಾ ಕೆಂಪಾದಳು, ಆದರೂ ಮೀಟಿಂಗ್‌ನ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಮೆಲ್ಲಗೆ ಕೇಳಿದಳು.

"ಸರ್, ಇದು ಈಗ್ಲೇ ಬೇಕಾ?"

ಅವರಿಗೆ ಚುರುಕ್ಕೆಂದಿತು. ಆ ಪ್ರಶ್ನೆ ಕೇಳಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿರಬಹುದು ಎಂದುಕೊಂಡರು.

"ಬೇಡಮ್ಮ," ಎಂದರು. "ಊಟಕ್ಕೆ ಕೂತಾಗ ಹೇಳ್ತೀನಿ. ನೀನು ಮುಂದುವರಿಸು."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆ ಸುದ್ದಿಯನ್ನು ಪೂರ್ತಿ ಹೇಳಿದರು. ಇಷ್ಟವಿದ್ದವರು ಬಂದು ಕೂತಿದ್ದರು. ಮೀಟಿಂಗ್‌ನಲ್ಲಿ ಲ್ಯಾಪ್‌ಟಾಪ್ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದವರೇ ಇಲ್ಲಿ ಆಮೇಲೇನಾಯಿತು ಎಂದು ಕೇಳುತ್ತಿದ್ದರು. ಸೋಮವಾರದ ಊಟ ಹಾಗೇ ರೂಢಿಯಾಯಿತು.

ಮರುವರ್ಷ ವಿನುತಾಗೆ ಬಡ್ತಿ ಸಿಕ್ಕಿ, ಪಾಸಿರ್ ಪಂಜಾಂಗ್‌ನ ಆಫೀಸಿನಲ್ಲಿ ತಂಡವೊಂದನ್ನು ಕೊಟ್ಟರು. ಅವಳ ಹೆಸರು ಹೇಳಿದವರು ಬದರೀನಾಥರೇ. ಟುವಾಸ್‌ನಲ್ಲಿ ಮೀಟಿಂಗ್ ನಡೆಸುವ ಸರದಿ ಸುಹಾಸ್‌ಗೆ ಬಂತು. ಮೊದಲ ದಿನ ಅವನು ತಡವರಿಸಿ, ನೆರವಿಗಾಗಿ ಬದರೀನಾಥರ ಕಡೆ ನೋಡಿದ.

"ನಿಧಾನ ಮಾಡು, ಪರವಾಗಿಲ್ಲ," ಎಂದರು ಅವರು. "ನಾವೆಲ್ಲ ಇಲ್ಲೇ ಇರ್ತೀವಿ."