ಅಚ್ಚಾದ ದಿನ, ತಿದ್ದಿದ ದಿನ

ಓಣಿಯವರು ಅವಳನ್ನು ಚುಕ್ಕಿಯಕ್ಕ ಎನ್ನುತ್ತಿದ್ದರು. ಮದುವೆಯ ಕರೆಯೋಲೆ ಕೊಟ್ಟರೆ ಹುಡುಗಿ ಯಾರೆಂದು ಕೇಳುವ ಮೊದಲೇ ಬಿಟ್ಟುಹೋದ ಅಲ್ಪವಿರಾಮಕ್ಕೆ ಬೆರಳಿಡುತ್ತಾಳೆ, ಹುಟ್ಟುವಾಗಲೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬಂದವಳು ಎಂದು ನಗುತ್ತಿದ್ದರು. ವಿಶ್ವವಿದ್ಯಾಲಯದ ಗೇಟಿನೆದುರು, ಜೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ ಅವಳು ಹದಿನೆಂಟು ವರ್ಷ ಕಂಡವರ ಪ್ರಬಂಧ ಟೈಪು ಮಾಡಿದಳು. ಪತ್ರಿಕೆಯ ಸುದ್ದಿಯನ್ನು ಉಲ್ಲೇಖಿಸುವಾಗ ಮೊದಲು ಬರೆದವರ ಹೆಸರು, ಆಮೇಲೆ ಅಚ್ಚಾದ ದಿನ, ತಲೆಬರಹ, ಪತ್ರಿಕೆಯ ಹೆಸರು, ಪುಟ. ಬರೆದವರು ಯಾರೆಂದು ಇಲ್ಲದಿದ್ದರೆ ತಲೆಬರಹವೇ ಮುಂದೆ. ನಿದ್ದೆಯಲ್ಲಿ ಕೇಳಿದರೂ ಹೇಳುವಳು. ಆದರೆ ಅಷ್ಟು ಪ್ರಬಂಧಗಳಲ್ಲಿ ಒಂದರ ಮೇಲೂ ಅವಳ ಹೆಸರಿರಲಿಲ್ಲ.

ಹೆಸರು ಬರುವುದಿದ್ದದ್ದು ತಂಗಿಗೆ. ಅಪ್ಪ ತೀರಿಕೊಂಡಾಗ ಓದು ಬಿಟ್ಟವಳು ಅಕ್ಕ, ಮುಂದುವರಿಸಿದವಳು ತಂಗಿ. ತಂಗಿ ಪುಸ್ತಕ ಹಿಡಿದರೆ ಅಮ್ಮ ಟಿವಿಯ ಸದ್ದು ಇಳಿಸುವಳು. ಅಕ್ಕ ಮನೆಗೆ ಕೆಲಸ ತಂದರೆ, "ಮೆಲ್ಲಗೆ ಕುಟ್ಟೇ, ಅವಳು ಓದ್ತಿದ್ದಾಳೆ" ಅನ್ನುವಳು. ಅಕ್ಕನ ಹೊಟ್ಟೆಯೊಳಗೆ ಕೆಂಡ ಮಗ್ಗುಲು ಬದಲಿಸುತ್ತಿತ್ತು.

ನಲ್ಲಿ ನೀರು ಕೆಟ್ಟು ಊರಿಗೆಲ್ಲ ಜ್ವರ ಬಂದ ವರ್ಷ ಅದನ್ನು ಯಾವ ಪತ್ರಿಕೆ ಮೊದಲು ಬರೆಯಿತು ಎಂಬುದು ತಂಗಿಯ ಪಿಎಚ್‌ಡಿ ಪ್ರಬಂಧದ ವಿಷಯ. ಅರವತ್ತು ಸುದ್ದಿಗಳ ಪಟ್ಟಿ ತಂದು, ಚುಕ್ಕಿ ವಿರಾಮ ಸರಿಮಾಡಿಕೊಡು ಎಂದಳು. ಒಂದೇ ಪತ್ರಿಕೆಯ ಹನ್ನೊಂದು ಸುದ್ದಿಗೆ ಒಂದೇ ದಿನಾಂಕ. ಅಕ್ಕನಿಗೆ ತಕ್ಷಣ ಹೊಳೆಯಿತು: ಅಚ್ಚಾದ ದಿನದ ಬದಲು, ಜಾಲತಾಣದವರು ಸುದ್ದಿಯನ್ನು ತಿದ್ದಿದ ದಿನ ಇಳಿಸಿಕೊಂಡಿದ್ದಾಳೆ. ಹಾಗಾದರೆ ಮೊದಲು ಬರೆದವರೇ ಪಟ್ಟಿಯಲ್ಲಿ ಹಿಂದೆ ಬೀಳಬಹುದು. ಪ್ರಬಂಧವೇ ಕುಸಿಯುವ ತಪ್ಪು.

ಹೇಳಿದ್ದು ಚುಕ್ಕಿ ತಾನೆ ಎಂದುಕೊಂಡಳು. ಒಂದೂ ಬಿಡದೆ ಚುಕ್ಕಿಯನ್ನಷ್ಟೇ ತಿದ್ದಿದಳು.

ನಾಲ್ಕು ತಿಂಗಳಿಗೆ ಪ್ರಬಂಧ ವಾಪಸು ಬಂತು. ಪರೀಕ್ಷಕರ ಕಾಗದ ಹಿಡಿದು ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಿನಗೆ ಕಾಣಲಿಲ್ವೇನೇ ಅಕ್ಕ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಕಂಡಿತ್ತು" ಎಂದಳು ಅಕ್ಕ.

"ಮತ್ತೆ?"

"ನಿನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಟೈಪ್ ಮಾಡೋಕೆ ಕೈ ಬರಲಿಲ್ಲ ಕಣೇ."

ಮರುದಿನ ಅಕ್ಕನೇ ಗ್ರಂಥಾಲಯಕ್ಕೆ ಹೊರಟಳು. ತಂಗಿ ಹಿಂದೆ ಬಂದಳು. ಎಂಟು ದಿನ ಒಂದೇ ಮೇಜಿಗೆ ಕೂತು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದರು. ದಿನಾಂಕ, ಪುಟ ಬಿಟ್ಟು ಬೇರೆ ಮಾತಿಲ್ಲ. ಮೊದಲು ಬರೆದದ್ದು ಯಾರೂ ಲೆಕ್ಕಕ್ಕಿಡದ ಸಂಜೆ ಪತ್ರಿಕೆಯೊಂದು ಎಂದು ತಿಳಿಯಿತು. ತಂಗಿ ಕೊನೆಯ ಅಧ್ಯಾಯ ಹೊಸದಾಗಿ ಬರೆದಳು, ಅಕ್ಕ ಟೈಪು ಮಾಡಿದಳು.

ಪದವಿ ಬಂದ ದಿನ ನೆಂಟರಿಷ್ಟರು "ಡಾಕ್ಟರಮ್ಮ" ಎಂದು ಕೂಗುತ್ತ ಮನೆ ತುಂಬಿದರು. ಅಕ್ಕನೂ ನಕ್ಕಳು, ಲೋಟ ತೊಳೆದಳು. ಉರಿ ಮಾತ್ರ ಒಂದಿಷ್ಟೂ ತಗ್ಗಿರಲಿಲ್ಲ. ಇಲ್ಲೇ ಇದ್ದರೆ ಇನ್ನೊಮ್ಮೆ ಕಂಡೂ ಕಾಣದಂತೆ ಇದ್ದುಬಿಟ್ಟೇನು ಎಂದು ತನಗೆ ತಾನೇ ಹೆದರಿದಳು. ಅಂಗಡಿಯ ಮೇಲೆ ಬಾಡಿಗೆಗೆ ಕೋಣೆ ನೋಡಿಟ್ಟಿದ್ದಳು. ಎರಡು ಚೀಲ, ಒಂದು ಕೀಲಿಮಣೆ ಎತ್ತಿಕೊಂಡು, ಅಮ್ಮನಿಗೆ ಹೇಳಿ, ಚಪ್ಪಲಿಗಳ ರಾಶಿಯಲ್ಲಿ ತನ್ನವನ್ನು ಹುಡುಕಿ ಮೆಟ್ಟಿಕೊಂಡಳು. ತಂಗಿ ಗೇಟು ತೆರೆದು ಹಿಡಿದಳು, ಇರು ಅನ್ನಲಿಲ್ಲ.