ಗಡಿಗೆಯ ಹಾಗೆ ಬಡಿದು ನೋಡಿದ ಗಾಲಿ

ಮಾರಾಯ್ರೇ, ಇವತ್ತು ನಾನು ಬೈದವನೇ ನನ್ನನ್ನು ಉಳಿಸಿದ.

ನಾಳೆ ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದು ನನ್ನ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರನ್ನು ಇಲ್ಲಿ ಮರಾಠಿ ನಾಡಿನ ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ಟೈರ್ ಅಂಗಡಿಗೆ ಒಯ್ದಿದ್ದೆ. ಅಲ್ಲಿನ ಮೆಕ್ಯಾನಿಕ್, ಕಲಬುರಗಿಯ ಶರಣಪ್ಪ, ಗಾಲಿಗಳನ್ನು ಬಿಚ್ಚಿ ಒಂದೊಂದನ್ನೂ ಸ್ಪ್ಯಾನರಿನಿಂದ ಬಡಿಯತೊಡಗಿದ.

"ಎಂತ ಮಾಡ್ತಿದ್ದಿ ಮಾರಾಯ, ಗೀರು ಬಿದ್ರೆ?" ಎಂದು ಕಿರುಚಿದೆ.

"ಗಡಿಗಿ ತಗೊಳ್ಳುವಾಗ ಬಡ್ದು ನೋಡಂಗಿಲ್ಲೇನ್ರೀ ಸರ?"

"ಇದು ಗಡಿಗೆ ಅಲ್ಲ, ಅಲಾಯ್ ಗಾಲಿ!"

ಮೂರು ಗಾಲಿ ಟಣ್ ಎಂದವು. ನಾಲ್ಕನೆಯದು ದಪ್ ಎಂದಿತು. ಒರೆಸಿ ನೋಡಿದರೆ ಒಳಮೈಯಲ್ಲಿ ಬೆರಳುದ್ದ ಬಿರುಕು.

"ಜೋರ್ ತಿರುವಿನ್ಯಾಗ ಎರಡ್ ತುಂಡ್ ಆಗ್ತಿತ್ರಿ," ಎಂದ ಶರಣಪ್ಪ.

ಕಾರನ್ನು ಅಲ್ಲೇ ಬಿಟ್ಟು ಮನೆಗೆ ರಿಕ್ಷಾ ಹಿಡಿದೆ. ಹತ್ತುವ ಮುಂಚೆ ಅದರ ಗಾಲಿಗೂ ಒಂದು ಬಡಿದೆ. ಡ್ರೈವರ್ ಮರಾಠಿಯಲ್ಲಿ ಬೈದ. ಬೈಯಲಿ, ಸ್ವಲ್ಪ ಮುಂಚೆ ಶರಣಪ್ಪನಿಗೆ ನಾನೂ ಬೈದಿದ್ದೆ.