ಮೂಸಕುಂಞಿಯ ಸ್ಪೇನಿನ ಮಕ್ಕಳು

ಪುತ್ತೂರು ಪೇಟೆಯಲ್ಲಿ ನನ್ನ ಜವಳಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಮೂಸಕುಂಞಿಯ ಮೈಕ್ ಸೆಟ್ ಇತ್ತು. ಕೀ ಕೊಟ್ಟು ತಿರುಗಿಸುವ ಗ್ರಾಮಫೋನು, ಒಂದು ಬ್ಯಾಟರಿ, ಎರಡು ಕೊಂಬು. ಮದುವೆ ಯಾರದ್ದೇ ಇರಲಿ, ಗತ್ತು ಮಾತ್ರ ಮದುಮಗನಿಗಿಂತ ಇವನಿಗೆ ಹೆಚ್ಚು.

ಅರುವತ್ತೆರಡನೇ ಇಸವಿಯಲ್ಲಿ, ಹಡಗಿನ ಕೆಲಸಕ್ಕಿದ್ದ ಅವನ ಭಾವ ಅದ್ರಾಮ ಸ್ಪೇನ್ ದೇಶದಿಂದ ಒಂದು ಸಣ್ಣ ರೆಕಾರ್ಡು ತಂದುಕೊಟ್ಟ. ಅಲ್ಲಿ ಹೆಸರು ಮಾಡಿದ ಅಕ್ಕತಂಗಿಯರ ಪದವಂತೆ. ನಡುವಿನ ತೂತು ದೊಡ್ಡದು. ಮೂಸಕುಂಞಿ ತೆಂಗಿನ ಗೆರಟೆಯ ತುಂಡು ಕೆತ್ತಿ ಅದಕ್ಕೆ ಸಿಕ್ಕಿಸಿ ತಿರುಗಿಸಿದ. ಎರಡು ಪುಟ್ಟ ಹುಡುಗಿಯರು ಉಸಿರು ಬಿಡದೆ ಹಾಡಿದರು. ರೆಕಾರ್ಡಿನ ಲಕೋಟೆಯ ಚಿತ್ರದಲ್ಲಿ ಮಾತ್ರ ಪ್ರಾಯಕ್ಕೆ ಬಂದ ಇಬ್ಬರು ಹೆಂಗಸರು.

"ಇದು ಇವರ ಸ್ವರ ಅಲ್ಲವಲ್ಲ ಮಾರಾಯ?" ಎಂದೆ.

"ಹಾಡುದು ಇವರ ಮಕ್ಕಳು ಸಾವ್ಕಾರ್ರೆ. ಮಕ್ಕಳ ಫೋಟೋ ಊರಿಡೀ ಹಂಚಿದ್ರೆ ದೃಷ್ಟಿ ತಾಗುದಿಲ್ವಾ?"

ನನಗೂ ಅದು ಸರಿ ಎನಿಸಿತು. ಭಾವ ಊರಿಗೆ ಬಂದಾಗಲೆಲ್ಲ ಹೊಸ ರೆಕಾರ್ಡು ಬಂತು. ಚಿತ್ರದ ಹೆಂಗಸರ ಜಡೆ ಹೋಯಿತು, ತುಸು ಮೈ ಬಂತು. ಮಕ್ಕಳ ಸ್ವರ ಮಾತ್ರ ಇದ್ದಲ್ಲೇ ಇತ್ತು.

"ಇವಕ್ಕೆ ಅನ್ನ ಹಾಕುದಿಲ್ವಾ ಮಾರಾಯ? ಬೆಳೆಯುದೇ ಇಲ್ಲ."

"ಹೋದ ವರ್ಷ ಹಾಡಿಟ್ಟದ್ದಿರಬಹುದು," ಎಂದ, ತಲೆ ಕೆರೆಯುತ್ತ.

ಸುಳ್ಯದವರೆಗೂ 'ಮಕ್ಕಳ ಪದ' ಇಲ್ಲದೆ ಮದುವೆ ಇಲ್ಲ ಎಂದಾಯಿತು. ಐವರ್ನಾಡಿನ ದೇರಣ್ಣ ಗೌಡರು ಹಿರಿಮಗಳು ಶೀಲಾವತಿಯ ಮದುವೆಗೆ ಇವನನ್ನೇ ಕರೆದರು. "ಮಕ್ಕಳ ಪದ ಚೆಂದ ಆದ್ರೆ ನಮ್ಮ ಕುಟುಂಬದ ಮದುವೆ ಎಲ್ಲ ನಿನಗೇ," ಎಂದಿದ್ದರು.

ಆ ವಾರವೇ ನಾನು ಮಂಗಳೂರಿನಿಂದ ರೆಕಾರ್ಡು ತಿರುಗಿಸುವ ಕರೆಂಟಿನ ಹೊಸ ಪೆಟ್ಟಿಗೆ ತಂದೆ. ಅವನ ತಲೆಗೆ ಕಟ್ಟುವ ಆಸೆ ನನಗಿತ್ತು. ಅದರ ಗುಂಡಿಯ ಸುತ್ತ ಮೂರು ಅಂಕೆ, ಅದರಲ್ಲೊಂದು ನಲವತ್ತೈದು. ಅವನ ರೆಕಾರ್ಡುಗಳ ಮೇಲೂ ಅದೇ ನಲವತ್ತೈದು. ನಾನದನ್ನು ರೇಟು ಅಂದುಕೊಂಡಿದ್ದೆ, ಅದು ತಿರುಗುವ ವೇಗ. ಅವನೆದುರೇ ಅವನದೊಂದು ರೆಕಾರ್ಡು ಹಾಕಿ, ಗುಂಡಿ ಅಲ್ಲಿಗೆ ತಿರುಗಿಸಿ ಮುಳ್ಳು ಇಟ್ಟೆ; ಅವನ ಗ್ರಾಮಫೋನಿನಲ್ಲಿ ಓಡುತ್ತಿದ್ದ ರೆಕಾರ್ಡು ಇಲ್ಲಿ ಮೆಲ್ಲ ತಿರುಗಿತು. ಇಬ್ಬರು ಹೆಂಗಸರು ನಿಧಾನವಾಗಿ, ಒಬ್ಬರ ದುಃಖ ಇನ್ನೊಬ್ಬರು ಎತ್ತಿಕೊಂಡ ಹಾಗೆ ಹಾಡಿದರು.

ಮೂಸಕುಂಞಿ ಲಕೋಟೆ ನೋಡಿದ, ನನ್ನನ್ನು ನೋಡಿದ. "ನಿಮ್ಮ ಪೆಟ್ಟಿಗೆಗೆ ಜ್ವರ ಉಂಟಾ?" ಎಂದ. ಆಮೇಲೆ ಮೆಲ್ಲ, "ಇನ್ನೊಮ್ಮೆ ಹಾಕಿ."

ಐವರ್ನಾಡಿಗೆ ಕರೆಂಟು ಬಂದಿರಲಿಲ್ಲ. ಹಾಗಾಗಿ ಪೆಟ್ಟಿಗೆ ನನ್ನಲ್ಲೇ ಉಳಿಯಿತು, ಅವನು ಹಳತನ್ನೇ ಹೊತ್ತುಕೊಂಡು ಹೋದ, ನಾನೂ ಊಟಕ್ಕೆ ಹೋದೆ. ಮದುವೆಯ ಊಟದ ಹೊತ್ತಿಗೆ 'ಮಕ್ಕಳ ಪದ' ಹಾಕು ಎಂದರು. ಅವನು ರೆಕಾರ್ಡು ಇಟ್ಟು, ತಿರುಗುವುದು ನಿಧಾನ ಆಗಲೆಂದು ಅದರ ಅಂಚಿಗೆ ಬೆರಳು ಒತ್ತಿ ಹಿಡಿದು ಕುಳಿತ. ಕೊಂಬಿನಲ್ಲಿ ಹೆಂಗಸರ ಸ್ವರ ಬಂತು, ಬೆರಳಿನ ಒತ್ತು ಹೆಚ್ಚು ಕಡಿಮೆ ಆದ ಹಾಗೆ ಅದೂ ಏರಿ ಇಳಿಯುತ್ತಿತ್ತು. ಪಂಕ್ತಿಯಲ್ಲಿ ಕೈಗಳು ನಿಂತವು.

"ಎಂತ ಮೂಸಕುಂಞಿ, ಕೀ ಮುಗೀತಾ?" ದೇರಣ್ಣ ಗೌಡರು ಬಂದರು.

"ಇಲ್ಲ ಗೌಡ್ರೆ, ಉಂಟು."

"ಮತ್ತೆ ಮಕ್ಕಳೆಲ್ಲಿ?"

"ಮಕ್ಕಳು ಇರಲೇ ಇಲ್ಲಂತೆ."

"ಸತ್ತು ಹೋದ್ವಾ?"

"ಅದಲ್ಲ... ಹೇಗೆ ಹೇಳುದು ಗೌಡ್ರೆ, ನನಗೂ ಸರಿ ಗೊತ್ತಾಗುದಿಲ್ಲ."

ಗೌಡರು ನನ್ನತ್ತ ನೋಡಿದರು. ನಾನು ಪಾಯಸದ ಕಡೆ ನೋಡಿದೆ.

"ಶುಭ ಕಾರ್ಯದಲ್ಲಿ ಇದೆಂತ ಅಳು? ಬೆರಳು ತೆಗಿ."

"ಇವರನ್ನು ಇನ್ನು ಓಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದು ಮೂಸಕುಂಞಿ ಪದ ಮುಗಿಯುವವರೆಗೂ ಬೆರಳು ತೆಗೆಯಲಿಲ್ಲ.

ಕಿರಿಮಗಳ ಮದುವೆಗೆ ದೇರಣ್ಣ ಗೌಡರು ಸುಳ್ಯದಿಂದ ಬೇರೆ ಸೆಟ್ ತರಿಸಿದರು.